ಕಡಲಾಚೆ ಹೋದವರ ಹೆಸರು ನಮ್ಮ ದಫ್ತರದಲ್ಲಿ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಕುಟುಂಬ ದಿನದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ ಕಟ್ಟಡದ ಕಥೆಯನ್ನು ಹಲವರು ಸೊಗಸಾಗಿ ಹೇಳಿದ್ದಾರೆ. ಅಡಿಗಲ್ಲು, ಗಂಟೆಗೋಪುರ, ಬಲಿಪೀಠ ಇವುಗಳ ಚರಿತ್ರೆ ಈ ಸ್ಮರಣ ಸಂಚಿಕೆಯಲ್ಲಿ ಬೇರೆ ಪುಟಗಳಲ್ಲಿ ದೊರೆಯುತ್ತದೆ. ನಾವು ಇಂದು ಮಾತನಾಡಬಯಸುವುದು ಕಣ್ಣಿಗೆ ಅಷ್ಟಾಗಿ ಬೀಳದ ಒಂದು ಆಸ್ತಿಯ ವಿಷಯ. ಅದು ನಮ್ಮ ಕಚೇರಿಯ ಕಬ್ಬಿಣದ ಬೀರುವಿನಲ್ಲಿರುವ ದಫ್ತರಗಳು, ಅಂದರೆ ಜ್ಞಾನಸ್ನಾನದ ಪುಸ್ತಕ, ವಿವಾಹದ ಪುಸ್ತಕ ಮತ್ತು ಮರಣದ ಪುಸ್ತಕ. ನಿಮ್ಮಲ್ಲಿ ಬಹುಮಂದಿ ಇವುಗಳನ್ನು ನೆನೆಯುವುದು ಮಗುವಿನ ಶಾಲಾ ಪ್ರವೇಶಕ್ಕೋ ಮದುವೆಯ ಓಲೆಗೋ ಪ್ರಮಾಣಪತ್ರ ಬೇಕಾದಾಗ ಮಾತ್ರ. ಆದರೆ ಈ ಪುಸ್ತಕಗಳು ಇದಕ್ಕಿಂತ ದೊಡ್ಡ ಕೆಲಸವನ್ನು ಮಾಡಬಲ್ಲವು. ನಾಡು ಬಿಟ್ಟು ಕಡಲು ದಾಟಿ ಹೋಗಿ ಮರಳಿ ಬಾರದೆ ಉಳಿದ ಒಬ್ಬ ಹಿರಿಯನನ್ನು, ಒಂದೂಕಾಲು ಶತಮಾನದ ಅನಂತರವೂ, ಆತನ ಮನೆಯವರಿಗೆ ಹಿಂದಿರುಗಿಸಬಲ್ಲವು.

ವಂಶಾವಳಿ ಎಂದೊಡನೆ ಕೆಲವರು ಅದನ್ನು ಸಿರಿವಂತರ ಅಥವಾ ಜಂಭಗಾರರ ಹವ್ಯಾಸವೆಂದು ಭಾವಿಸುತ್ತಾರೆ. ಪವಿತ್ರ ಗ್ರಂಥದ ದೃಷ್ಟಿ ಹಾಗಿಲ್ಲ. ಸಂತ ಮತ್ತಾಯರು ತಮ್ಮ ಶುಭಸಂದೇಶವನ್ನು ಪ್ರಾರಂಭಿಸುವುದೇ ಹೆಸರುಗಳ ಪಟ್ಟಿಯಿಂದ. ಆ ಪಟ್ಟಿಯಲ್ಲಿ ರಾಜರೊಂದಿಗೆ ತಾಮಾರಳಿದ್ದಾಳೆ, ರಾಹಾಬಳಿದ್ದಾಳೆ, ಅನ್ಯನಾಡಾದ ಮೋವಾಬಿನಿಂದ ಬಂದ ರೂತಳಿದ್ದಾಳೆ, ಊರೀಯನ ಹೆಂಡತಿಯಾಗಿದ್ದವಳೂ ಇದ್ದಾಳೆ. ಮರೆಮಾಚಬಹುದಾಗಿದ್ದ ಯಾವ ಹೆಸರನ್ನೂ ಸುವಾರ್ತಿಕರು ಮರೆಮಾಚಲಿಲ್ಲ. ಬಾಬಿಲೋನಿನ ಸೆರೆಯಿಂದ ಮರಳಿದ ಜನರಲ್ಲಿ ಕೆಲವು ಯಾಜಕ ಕುಟುಂಬಗಳು ತಮ್ಮ ವಂಶದ ದಾಖಲೆಯನ್ನು ಹುಡುಕಿ ಕಾಣದೆ ಹೋದುದರಿಂದ ಯಾಜಕತ್ವದಿಂದ ದೂರವಿರಬೇಕಾಯಿತೆಂದು ಎಜ್ರನ ಗ್ರಂಥ ತಿಳಿಸುತ್ತದೆ. ದಾಖಲೆ ಕಳೆದುಹೋದರೆ ಮನುಷ್ಯನಿಗೆ ಆಗುವ ನಷ್ಟ ಹೊಸದಲ್ಲ.

ನಮ್ಮ ಧರ್ಮಸಭೆ ಈ ವಿಷಯದಲ್ಲಿ ಬಹುಕಾಲದಿಂದ ಎಚ್ಚರವಾಗಿದೆ. ತ್ರೆಂತ್ ಮಹಾಸಭೆಯು 1563ರ ನವೆಂಬರ್ ತಿಂಗಳಲ್ಲಿ ವಿವಾಹದ ಬಗ್ಗೆ ಮಾಡಿದ ಶಾಸನದಲ್ಲಿ, ಧರ್ಮಕೇಂದ್ರದ ಗುರುವು ವಧೂವರರ ಮತ್ತು ಸಾಕ್ಷಿಗಳ ಹೆಸರುಗಳನ್ನೂ ದಿನ ಮತ್ತು ಸ್ಥಳಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳನ್ನು ಬರೆದಿಡಬೇಕೆಂಬುದೂ ಆಗಲೇ ಬಂದ ಕಟ್ಟಳೆ. 1614ರಲ್ಲಿ ಐದನೆಯ ಪೌಲ್ ಜಗದ್ಗುರುಗಳು ಹೊರಡಿಸಿದ ರೋಮನ್ ಸಂಸ್ಕಾರ ವಿಧಿಯು ಐದು ಪುಸ್ತಕಗಳನ್ನು ಹೆಸರಿಸಿತು: ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಮತ್ತು ಮನೆಮನೆಯ ಆತ್ಮಗಳ ಸ್ಥಿತಿಯನ್ನು ತಿಳಿಸುವ ಕುಟುಂಬ ಪುಸ್ತಕ. 1907ರಲ್ಲಿ ಹತ್ತನೆಯ ಭಕ್ತಿನಾಥರು ಹೊರಡಿಸಿ 1908ರ ಪಾಸ್ಕ ಹಬ್ಬದಿಂದ ಜಾರಿಗೆ ಬಂದ ಆಜ್ಞೆಯಂತೆ, ಒಬ್ಬರ ವಿವಾಹವು ಎಲ್ಲಿಯೇ ನಡೆಯಲಿ, ಅವರಿಗೆ ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ಆ ಸುದ್ದಿಯನ್ನು ಕಳುಹಿಸಿ ಅಲ್ಲಿನ ಪುಸ್ತಕದ ಅಂಚಿನಲ್ಲಿ ಬರೆಸಬೇಕು. 1983ರ ಧರ್ಮಸಭಾ ಶಾಸನ ಸಂಹಿತೆಯ 535ನೆಯ ವಿಧಿಯು ಈ ಕರ್ತವ್ಯವನ್ನೇ ಮುಂದುವರಿಸಿ, ಹಳೆಯ ದಫ್ತರಗಳನ್ನು ಜಾಗರೂಕತೆಯಿಂದ ಕಾಪಾಡಬೇಕೆಂದೂ ಹೇಳುತ್ತದೆ. ಹೀಗೆ ಬಡವನ ಮಗುವಿನ ಹೆಸರೂ ಜಮೀನ್ದಾರನ ಮಗುವಿನ ಹೆಸರೂ ಒಂದೇ ಪುಟದಲ್ಲಿ, ಒಂದೇ ಶಾಯಿಯಲ್ಲಿ ಬರೆಯಲ್ಪಟ್ಟವು. ಸಾಲಪತ್ರದಲ್ಲಲ್ಲದೆ ಬೇರೆಲ್ಲಿಯೂ ಹೆಸರು ಕಾಣಿಸದ ಎಷ್ಟೋ ಮನೆತನಗಳಿಗೆ ಈ ಪುಟವೊಂದೇ ಚರಿತ್ರೆ.

ಇನ್ನು ನಮ್ಮ ಜನ ಕಡಲು ದಾಟಿದ ಸಂದರ್ಭವನ್ನು ನೋಡೋಣ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಶಾಸನ 1833ರಲ್ಲಿ ಆಗಿ ಮರುವರ್ಷ ಜಾರಿಗೆ ಬಂದಿತು. ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1834ರಿಂದ ಮಾರಿಷಸ್ಸಿಗೆ, 1860ರಿಂದ ದಕ್ಷಿಣ ಆಫ್ರಿಕದ ನೆಟಾಲಿಗೆ, 1879ರಿಂದ ಫಿಜಿ ದ್ವೀಪಗಳಿಗೆ ಭಾರತೀಯರು ಕರಾರಿನ ಕೂಲಿಗಳಾಗಿ ಹೋದರು. ನೆಟಾಲಿಗೆ ಹೋದ ಮೊದಲ ಹಡಗು ಟ್ರೂರೋ. ಅದು 1860ರ ಅಕ್ಟೋಬರಿನಲ್ಲಿ ಮದರಾಸಿನಿಂದ ಹೊರಟು ನವೆಂಬರ್ 16ರಂದು ಡರ್ಬನ್ ಮುಟ್ಟಿತು. 1911ರವರೆಗೆ ಒಟ್ಟು ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೀಗೆ ನೆಟಾಲಿಗೆ ಹೋದರು. ಅವರಲ್ಲಿ ಹೆಚ್ಚು ಮಂದಿ ಹಡಗು ಹತ್ತಿದ್ದು ಮದರಾಸಿನಲ್ಲಿ. ತಮಿಳರೂ ತೆಲುಗರೂ ಬಹುಸಂಖ್ಯೆಯಲ್ಲಿದ್ದರು. ಮೈಸೂರು, ಬೆಂಗಳೂರು ಎಂಬ ಹೆಸರುಗಳೂ ಆ ಪಟ್ಟಿಗಳಲ್ಲಿ ಅಲ್ಲಲ್ಲಿ ಕಾಣಸಿಗುತ್ತವೆ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ 1864ರಲ್ಲಿ ರೈಲು ಬಂದ ಮೇಲೆ ಮದರಾಸು ನಮ್ಮ ಹಳ್ಳಿಗಳಿಗೂ ಹತ್ತಿರವಾಯಿತು.

ಏಕೆ ಹೋದರು ಎಂಬುದಕ್ಕೆ ಒಂದು ಉತ್ತರ 1876ರಿಂದ 1878ರವರೆಗಿನ ಮಹಾಕ್ಷಾಮ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಈ ಅಂಕಿಗಳನ್ನು ಪುಸ್ತಕದಲ್ಲಿ ಓದುವುದು ಬೇರೆ. ಆ ವರ್ಷಗಳ ಮರಣದ ದಫ್ತರವನ್ನು ಕೈಯಲ್ಲಿ ಹಿಡಿಯುವುದು ಬೇರೆ. ನಮ್ಮ ತಾಯಿ ಧರ್ಮಕೇಂದ್ರದ ದಫ್ತರದಲ್ಲಿ ಸಾಧಾರಣ ವರ್ಷಕ್ಕೆ ಕೆಲವೇ ಪುಟ ಸಾಕಾಗುತ್ತಿತ್ತು. ಕ್ಷಾಮದ ವರ್ಷಗಳಲ್ಲಿ ಪುಟದ ಮೇಲೆ ಪುಟ ತುಂಬಿದೆ. ಮೊದಮೊದಲು ನೀಟಾಗಿದ್ದ ಗುರುಗಳ ಕೈಬರಹ ಬರಬರುತ್ತಾ ಅವಸರದ್ದಾಗುತ್ತದೆ. ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆತಾಯಿಯರ ಹೆಸರಿನ ಜಾಗದಲ್ಲಿ ತಿಳಿಯದು ಎಂಬ ಒಂದೇ ಲ್ಯಾಟಿನ್ ಪದ ಸಾಲುಸಾಲಾಗಿ ಬರುತ್ತದೆ. ಅವು ಅನಾಥ ಮಕ್ಕಳ ಸಾಲುಗಳು. ಆಗ ಇಲ್ಲಿ ಸೇವೆಯಲ್ಲಿದ್ದವರು ಪ್ಯಾರಿಸ್ ಹೊರನಾಡ ಮಿಷನ್ ಸಂಘದ ಗುರುಗಳು. ಅಂಥ ಕಾಲವನ್ನು ದಾಟಿ ಬದುಕಿದ ಯುವಕನೊಬ್ಬನಿಗೆ, ಸಮುದ್ರದಾಚೆ ತಿಂಗಳಿಗೆ ಹತ್ತು ಷಿಲಿಂಗ್ ಸಂಬಳ, ಮೇಲೆ ಊಟ, ವಸತಿ ಎಂದು ಮೇಸ್ತ್ರಿಯೊಬ್ಬ ಹೇಳಿದರೆ ಏನನ್ನಿಸಿರಬೇಕೆಂದು ನಾವು ಊಹಿಸಬಹುದು.

ಹೋದವರ ವಿವರವನ್ನು ಸರ್ಕಾರವೂ ಬರೆದಿಟ್ಟಿತು. ಅದು ಪ್ರೀತಿಯಿಂದ ಬರೆದದ್ದಲ್ಲ, ಲೆಕ್ಕಕ್ಕಾಗಿ ಬರೆದದ್ದು. ನೆಟಾಲಿನ ಹಡಗು ಪಟ್ಟಿಗಳಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಗ್ರಾಮ, ಮೈಮೇಲಿನ ಗುರುತು. ಜಾತಿಯ ಅಂಕಣದಲ್ಲಿ ನಮ್ಮವರ ಎದುರಿಗೆ ಕ್ರಿಶ್ಚಿಯನ್ ಎಂದು ಬರೆದಿರುವುದುಂಟು. ಈ ಪಟ್ಟಿಗಳು ಇಂದು ಡರ್ಬನ್ನಿನ ದಾಖಲೆಗಾರದಲ್ಲಿವೆ. ನೆಟಾಲಿನ ಭಾರತೀಯ ಕ್ರೈಸ್ತರ ಬಗ್ಗೆ ಜಾಯ್ ಬ್ರೈನ್ ಎಂಬ ಇತಿಹಾಸಜ್ಞೆ ಇವುಗಳನ್ನು ಪರಿಶೀಲಿಸಿ 1983ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಮಾರಿಷಸ್ಸಿಗೆ ಹೋದವರ ದಾಖಲೆಗಳು ಅಲ್ಲಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಅವರಲ್ಲಿ ಹಲವರ ಭಾವಚಿತ್ರಗಳೂ ಉಳಿದಿವೆ. ಡರ್ಬನ್ನಿನಲ್ಲಿ ಫ್ರೆಂಚ್ ಗುರುಗಳಾದ ಸಬೋನ್ ಸ್ವಾಮಿಗಳು ತಮಿಳು ಕಲಿತು ಈ ಜನರ ಆತ್ಮಪಾಲನೆ ಮಾಡಿದರು. ಆದ್ದರಿಂದ ಹೋದ ಕಡೆಯಲ್ಲಿಯೂ ನಮ್ಮವರ ಹೆಸರುಗಳು ಧರ್ಮಸಭೆಯ ಪುಸ್ತಕಗಳಲ್ಲಿ ಸೇರಿದವು.

ಹಾಗಾದರೆ ಅಲ್ಲಿಯ ಪಟ್ಟಿಯನ್ನೂ ಇಲ್ಲಿಯ ದಫ್ತರವನ್ನೂ ಅಕ್ಕಪಕ್ಕದಲ್ಲಿಟ್ಟರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ಮೊದಲ ತೊಡಕು ಹೆಸರಿನದು. ಊರಿನಲ್ಲಿ ರಾಯಪ್ಪನೆಂದು ಕರೆಯಲ್ಪಟ್ಟವನು ಲ್ಯಾಟಿನ್ ದಫ್ತರದಲ್ಲಿ ಪೆತ್ರುಸ್. ಚಿನ್ನಪ್ಪ ಪೌಲುಸ್ ಆಗಿದ್ದಾನೆ, ಅರುಳಪ್ಪ ಯೊವಾನ್ನೆಸ್ ಆಗಿದ್ದಾನೆ, ಇನ್ನಾಸಪ್ಪ ಇಗ್ನಾಸಿಯುಸ್, ಚೌರಪ್ಪನು ಸಂತ ಫ್ರಾನ್ಸಿಸ್ ಕ್ಷೇವಿಯರರ ಹೆಸರಿನವನು. ಇದನ್ನು ಅರಿಯದವರು ದಫ್ತರದಲ್ಲಿ ರಾಯಪ್ಪನನ್ನು ಹುಡುಕುತ್ತಾ ಜೀವಮಾನ ಕಳೆದರೂ ಆತ ಸಿಕ್ಕುವುದಿಲ್ಲ. ಎರಡನೆಯ ತೊಡಕು ಊರಿನದು. ಮದರಾಸಿನ ಗುಮಾಸ್ತನು ಕನ್ನಡ ಹಳ್ಳಿಯ ಹೆಸರನ್ನು ತನ್ನ ಕಿವಿಗೆ ಕೇಳಿಸಿದಂತೆ ಇಂಗ್ಲಿಷಿನಲ್ಲಿ ಬರೆದನು. ಹಳ್ಳಿ ಎಂಬುದು ಅಲ್ಲಿ ಅಲ್ಲಿಯಾಗಿರುತ್ತದೆ, ಪುರವು ಪೂರಂ ಆಗಿರುತ್ತದೆ. ಮೂರನೆಯದು ವಯಸ್ಸು. ತನ್ನ ಹುಟ್ಟಿದ ವರ್ಷ ತಿಳಿಯದವನು ಹೇಳಿದ್ದನ್ನೋ, ಬರೆಯುವವನು ಮುಖ ನೋಡಿ ಅಂದಾಜು ಮಾಡಿದ್ದನ್ನೋ ನಂಬಿ ಒಂದೇ ವರ್ಷದ ಪುಟವನ್ನು ತೆರೆಯಬಾರದು. ಹಿಂದೆ ಐದು ವರ್ಷ, ಮುಂದೆ ಐದು ವರ್ಷ ನೋಡಬೇಕು.

ಈ ಮಾತುಗಳನ್ನು ನಾವು ಪುಸ್ತಕದಿಂದ ಕಲಿತು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನೆಟಾಲಿನಿಂದ ನಮಗೊಂದು ಪತ್ರ ಬಂದಿತು. ಬರೆದವರು ಅಲ್ಲಿಯ ಕಥೋಲಿಕ ಕುಟುಂಬದ ಒಬ್ಬ ನಿವೃತ್ತ ಉಪಾಧ್ಯಾಯಿನಿ. ಅವರ ತಾತನ ತಂದೆ ಮಹಾಕ್ಷಾಮದ ನಂತರದ ದಶಕದಲ್ಲಿ ಮದರಾಸಿನಿಂದ ಹಡಗು ಹತ್ತಿದವರು. ಪತ್ರದೊಡನೆ ಹಡಗು ಪಟ್ಟಿಯ ಒಂದು ಸಾಲಿನ ನಕಲು. ವಯಸ್ಸು 23, ಕ್ರಿಶ್ಚಿಯನ್, ಜಿಲ್ಲೆ ಬೆಂಗಳೂರು, ಎಡ ಮೊಣಕಾಲಿನ ಮೇಲೆ ಹಳೆಯ ಗಾಯದ ಗುರುತು, ಮತ್ತು ಯಾರಿಗೂ ಅರ್ಥವಾಗದ ಒಂದು ಊರಿನ ಹೆಸರು. ಸಂಬಂಧಪಟ್ಟವರು ಇಂದಿಗೂ ನಮ್ಮ ನಡುವೆ ಇರುವುದರಿಂದ ನಾವು ವ್ಯಕ್ತಿಗಳ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಆದರೆ ಹುಡುಕಿದ ಕ್ರಮವನ್ನು ಹೇಳುವುದರಿಂದ ನಿಮಗೆ ಉಪಯೋಗವಾದೀತು.

ಊರಿನ ಹೆಸರನ್ನು ಕಣ್ಣಿನಿಂದ ಓದುವುದನ್ನು ಬಿಟ್ಟು ಬಾಯಿಬಿಟ್ಟು ಹಲವು ಬಗೆಯಲ್ಲಿ ಉಚ್ಚರಿಸಿದಾಗ ಅದು ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಒಂದು ಹಳ್ಳಿಯೆಂದು ಹೊಳೆಯಿತು. ನಮ್ಮ ದೇವಾಲಯ ಹುಟ್ಟುವ ಮೊದಲು ಆ ಹಳ್ಳಿ ತಾಯಿ ಧರ್ಮಕೇಂದ್ರಕ್ಕೆ ಸೇರಿತ್ತು. ಅಲ್ಲಿಯ ಗುರುಗಳ ಅಪ್ಪಣೆ ಪಡೆದು ಹಳೆಯ ಜ್ಞಾನಸ್ನಾನದ ದಫ್ತರವನ್ನು ನೋಡಿದೆವು. ಹತ್ತು ವರ್ಷಗಳ ಅವಧಿಯಲ್ಲಿ ಅದೇ ಹೆಸರಿನ, ಅದೇ ಹೆಸರಿನ ತಂದೆಯ ಮಕ್ಕಳು ಇಬ್ಬರು ದೊರೆತರು. ಇಲ್ಲಿಯೇ ಅನೇಕರು ಅವಸರಪಟ್ಟು ತಮಗೆ ಒಪ್ಪುವವನನ್ನು ಆರಿಸಿಕೊಂಡುಬಿಡುತ್ತಾರೆ. ಹೆಸರು ಹೊಂದಿದ ಮಾತ್ರಕ್ಕೆ ಮನುಷ್ಯ ಹೊಂದುವುದಿಲ್ಲ. ನಾವು ಮರಣದ ದಫ್ತರವನ್ನು ತೆರೆದೆವು. ಇಬ್ಬರಲ್ಲಿ ಒಬ್ಬನು ಕ್ಷಾಮದ ಕಾಲದಲ್ಲಿಯೇ ತೀರಿಕೊಂಡಿದ್ದನು. ಅಲ್ಲಿ ತಾಯಿಯ ಹೆಸರನ್ನೂ ಬರೆದಿದ್ದುದರಿಂದ ಸಂಶಯಕ್ಕೆ ಎಡೆಯಿರಲಿಲ್ಲ. ಉಳಿದವನು ಒಬ್ಬನೇ. ಆತನ ತಾಯಿಯ ಹೆಸರೇನೆಂದು ನೋಡಿಕೊಂಡು, ನೆಟಾಲಿನಲ್ಲಿ ಆತನ ಹಿರಿಯ ಮಗಳ ಹೆಸರೇನೆಂದು ಪತ್ರ ಬರೆದು ಕೇಳಿದೆವು. ಎರಡೂ ಒಂದೇ. ನಮ್ಮ ಜನರಲ್ಲಿ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ರೂಢಿ ಎಷ್ಟು ಬಲವಾದುದೆಂಬುದು ನಿಮಗೆ ಗೊತ್ತು. ಆತನು ಅಲ್ಲಿ ಕೊನೆಗಾಲಕ್ಕೆ ಸ್ವಲ್ಪ ಭೂಮಿ ಮಾಡಿಕೊಂಡಿದ್ದರಿಂದ ಆಸ್ತಿಯ ಕಡತವೊಂದು ಉಳಿದಿತ್ತು. ಅದರಲ್ಲಿನ ಮರಣ ಸೂಚನೆಯೂ ಇದೇ ತಂದೆತಾಯಿಯರ ಹೆಸರನ್ನು ಹೇಳಿತು. ಮೂರು ಸಾಕ್ಷಿಗಳು ಕೂಡಿದವು.

ಆದರೆ ಪುಸ್ತಕಗಳು ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಸುಮ್ಮನಾಗುವುದಿಲ್ಲ. ತಾಯಿ ಧರ್ಮಕೇಂದ್ರದ ವಿವಾಹದ ದಫ್ತರದಲ್ಲಿ ಆತನ ಹೆಸರು ಸಿಕ್ಕಿತು. ಹಡಗು ಹತ್ತುವುದಕ್ಕೆ ಎರಡು ವರ್ಷ ಮುಂಚೆ ಆತನಿಗೆ ಇದೇ ಹಳ್ಳಿಯ ಹುಡುಗಿಯೊಡನೆ ವಿವಾಹವಾಗಿತ್ತು. ಆತನು ಹೊರಟ ಕೆಲವು ತಿಂಗಳ ಮೇಲೆ ಒಂದು ಹೆಣ್ಣುಮಗುವಿಗೆ ಜ್ಞಾನಸ್ನಾನವಾಗಿದೆ. ತಂದೆಯ ಹೆಸರಿನ ಮುಂದೆ ಗುರುಗಳು ಎರಡು ಪದ ಸೇರಿಸಿದ್ದಾರೆ. ತಂದೆ ಊರಿನಲ್ಲಿಲ್ಲ ಎಂಬುದು ಅವುಗಳ ಅರ್ಥ. ನೆಟಾಲಿನವರಿಗೆ ಇದಾವುದೂ ತಿಳಿದಿರಲಿಲ್ಲ. ಅಲ್ಲಿ ಆತನು ವಲಸಿಗರ ಅಧಿಕಾರಿಯ ಕಚೇರಿಯಲ್ಲಿ ಮತ್ತೊಂದು ವಿವಾಹವನ್ನು ನೋಂದಾಯಿಸಿದ್ದನು. ಆ ಸಂತತಿಯವರೇ ನಮಗೆ ಪತ್ರ ಬರೆದವರು.

ಇಲ್ಲಿ ಉಳಿದ ಹೆಂಡತಿ ಏನಾದಳು? ಮರುವಿವಾಹದ ದಾಖಲೆ ಇಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಗಂಡ ತೀರಿಕೊಂಡನೆಂಬುದಕ್ಕೆ ನೆಚ್ಚಬಹುದಾದ ಪುರಾವೆಯಿಲ್ಲದೆ ಧರ್ಮಸಭೆ ಮರುವಿವಾಹವನ್ನು ಒಪ್ಪುವುದಿಲ್ಲ. ಕಡಲಾಚೆಯಿಂದ ಯಾವ ಪುರಾವೆಯೂ ಬರಲಿಲ್ಲ. ಆಕೆಯ ಹೆಸರು ನಮಗೆ ಮತ್ತೆ ಕಾಣಿಸಿದ್ದು ನಮ್ಮದೇ ದೇವಾಲಯದ ಮರಣದ ದಫ್ತರದ ಮೊದಲ ಪುಟಗಳಲ್ಲಿ. ಈ ದೇವಾಲಯದ ಆರಂಭದ ದಿನಗಳಲ್ಲಿ, ಇದರ ಗುರುಗಳು ಸಮಾಧಿ ಸಂಸ್ಕಾರ ಮಾಡಿದ ಮೊದಲ ಕೆಲವರಲ್ಲಿ ಆಕೆ ಒಬ್ಬಳು. ಗಂಡ ಹೋಗಿ ಸುಮಾರು ನಲವತ್ತು ವರ್ಷಗಳಾಗಿದ್ದವು. ಆ ಪುಟದಲ್ಲಿ ಬೇರೆ ಮುದುಕಿಯರ ಮುಂದೆ ವಿಧವೆ ಎಂಬರ್ಥದ ಲ್ಯಾಟಿನ್ ಪದವಿದೆ. ಈಕೆಯ ಮುಂದೆ ಮಾತ್ರ ಹೆಂಡತಿ ಎಂಬರ್ಥದ ಉಕ್ಸೋರ್ ಎಂಬ ಪದ, ಅದರ ಮುಂದೆ ಆತನ ಹೆಸರು. ಆ ಗುರುಗಳು ಕಂಡದ್ದನ್ನು ಬರೆದರು. ತಿಳಿಯದುದನ್ನು ಬರೆಯಲಿಲ್ಲ.

ಆಕೆಯ ಮಗಳ ಸಂತತಿಯವರು ಈ ಸಭೆಗೆ ಸೇರಿದ ಕುಟುಂಬದವರೇ. ನೆಟಾಲಿಗೆ ಉತ್ತರ ಬರೆಯುವ ಮೊದಲು ನಾವು ಆ ಮನೆಗೆ ಹೋದೆವು. ನಮಗೆ ಸ್ವಲ್ಪ ಅಳುಕಿತ್ತು. ಸತ್ಯವೆಂಬ ಕಾರಣಕ್ಕೇ ಯಾವ ಸತ್ಯವನ್ನಾದರೂ ಯಾರ ಮುಂದಾದರೂ ಇಡಬಹುದೆಂದು ನಾವು ನಂಬಿದವರಲ್ಲ. ಮನೆಯ ಹಿರಿಯರು ಎಂಬತ್ತು ದಾಟಿದ ಒಬ್ಬ ತಾಯಿ. ಹೊರಟುಹೋದವನ ಮಗಳು ಅವರಿಗೆ ಅಜ್ಜಿ. ನಾವು ನಿಧಾನವಾಗಿ ವಿಷಯವನ್ನು ತಿಳಿಸಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಕೇಳಿದ್ದು ಒಂದೇ ಪ್ರಶ್ನೆ:

"ಅವರು ತೀರಿಕೊಂಡಿದ್ದು ಯಾವ ವರ್ಷ ಅಂತ ಬರೆದಿದೆಯಾ ಸ್ವಾಮಿ?"

ಬರೆದಿದೆ ಎಂದು ನಾವು ವರ್ಷವನ್ನು ಹೇಳಿದೆವು. ಆಗ ಅವರು ಹೇಳಿದ ಮಾತನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇವೆ. ಅವರ ಮನೆಯಲ್ಲಿ ಪ್ರತಿ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ತೀರಿಕೊಂಡ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಮೇಣದಬತ್ತಿ ಹಚ್ಚುವರು. ಆದರೆ ಆ ಒಬ್ಬರ ಹೆಸರಿನಲ್ಲಿ ಎಂದೂ ಹಚ್ಚಿದ್ದಿಲ್ಲ. ಹಚ್ಚಿದರೆ ಸತ್ತರೆಂದು ನಾವೇ ಹೇಳಿದಂತಾಗುತ್ತದೆ ಎಂದು ಆ ಹೆಂಡತಿ ಹೇಳುತ್ತಿದ್ದಳಂತೆ. ಆಕೆ ತೀರಿಕೊಂಡ ಮೇಲೆ ಮಗಳೂ ಅದನ್ನೇ ನಡೆಸಿಕೊಂಡು ಬಂದಳು. ಕಾರಣ ಮರೆತುಹೋದ ಮೇಲೂ ಮನೆಯಲ್ಲಿ ಆ ರೂಢಿ ಉಳಿದಿತ್ತು. "ಇನ್ನು ಹಚ್ಚಬಹುದಲ್ಲ ಸ್ವಾಮಿ. ಅವರಿಗೂ ಒಂದು ಪೂಜೆ ಹೇಳಿಬಿಡಿ. ಆ ಕಡೆಯ ಮಕ್ಕಳಿಗೆ ನಮ್ಮ ವಿಷಯ ಬರೆಯಿರಿ, ನಮಗೇನೂ ಬೇಸರವಿಲ್ಲ ಅಂತಲೂ ಬರೆಯಿರಿ" ಎಂದರು.

ನಾವು ಹಾಗೆಯೇ ಬರೆದೆವು. ಆತನ ಆತ್ಮಶಾಂತಿಗಾಗಿ ಈ ದೇವಾಲಯದಲ್ಲಿ ಬಲಿಪೂಜೆಯನ್ನು ಅರ್ಪಿಸಲಾಯಿತು. ನೆಟಾಲಿನಿಂದ ಬಂದ ಉತ್ತರದಲ್ಲಿ ಆ ಉಪಾಧ್ಯಾಯಿನಿಯು, ತಾವು ಸಿದ್ಧಪಡಿಸುತ್ತಿದ್ದ ವಂಶವೃಕ್ಷದಲ್ಲಿ ಇಲ್ಲಿಯ ಆ ತಾಯಿಯ ಹೆಸರನ್ನು ಆತನ ಪಕ್ಕದಲ್ಲಿ ಮೊದಲು ಬರೆದು, ಅನಂತರ ತಮ್ಮ ಸ್ವಂತ ಮುತ್ತಜ್ಜಿಯ ಹೆಸರನ್ನು ಬರೆದಿರುವುದಾಗಿ ತಿಳಿಸಿದ್ದರು. ಈಗ ಎರಡು ಮನೆಗಳ ನಡುವೆ ಕ್ರಿಸ್ಮಸ್ ಪತ್ರಗಳು ಓಡಾಡುತ್ತಿವೆ.

ಆತನು ಏಕೆ ಮರಳಲಿಲ್ಲ ಎಂದು ನೀವು ಕೇಳುವಿರಿ. ಐದು ವರ್ಷದ ಕರಾರು, ಅದರ ಮೇಲೆ ಇನ್ನೈದು ವರ್ಷ ಅಲ್ಲಿಯೇ ಇದ್ದರೆ ಊರಿಗೆ ಉಚಿತ ಪ್ರಯಾಣ, ಇದು ಅಂದಿನ ನಿಯಮ. ಕರಾರಿನ ಕಾಲದಲ್ಲಿ ಚೀಟಿಯಿಲ್ಲದೆ ತೋಟವನ್ನು ಬಿಟ್ಟು ಹೋಗುವಂತಿರಲಿಲ್ಲ. ಓದುಬರಹ ತಿಳಿಯದವನಿಗೆ ಪತ್ರ ಬರೆದುಕೊಡುವವರು ಯಾರು? ಹೀಗೆಲ್ಲ ನಾವು ಆತನ ಪರವಾಗಿ ಹೇಳಬಹುದು. ಅವಧಿ ಮುಗಿದ ಮೇಲೆ ಹಿಂದಿರುಗಿದವರೂ ಸಾವಿರಾರು ಮಂದಿ ಇದ್ದರೆಂದು ಆತನ ವಿರುದ್ಧವಾಗಿಯೂ ಹೇಳಬಹುದು. ಏಕೆ ಮರಳಲಿಲ್ಲ ಎಂಬ ಅಂಕಣ ಯಾವ ದಫ್ತರದಲ್ಲಿಯೂ ಇಲ್ಲ. ಆ ತೀರ್ಪು ನಮ್ಮದಲ್ಲ. ಹಿರಿಯರ ಚರಿತ್ರೆಯನ್ನು ಹುಡುಕುವವರು ಅವರನ್ನು ಸಂತರನ್ನಾಗಿ ಮಾಡುವುದೂ ಬೇಡ, ಕಟಕಟೆಯಲ್ಲಿ ನಿಲ್ಲಿಸುವುದೂ ಬೇಡ. ಅವರಿಗಾಗಿ ಪ್ರಾರ್ಥಿಸಲು ಬೇಕಾದಷ್ಟು ತಿಳಿದರೆ ಸಾಕು.

ಪ್ರಿಯ ಬಾಂಧವರೇ, ಇದರಿಂದ ನಾವು ಕಲಿಯಬೇಕಾದ ಕೆಲವು ಕಾರ್ಯಗಳಿವೆ. ಮೊದಲನೆಯದಾಗಿ, ಹುಡುಕಾಟವು ಬದುಕಿರುವವರಿಂದ ಆರಂಭವಾಗಬೇಕು. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಈ ವಾರವೇ ಅವರ ಬಳಿ ಕುಳಿತು ಅವರ ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿಯರ ಹೆಸರುಗಳನ್ನೂ ಹೆಣ್ಣು ಕೊಟ್ಟ, ತಂದ ಊರುಗಳನ್ನೂ ಬರೆದುಕೊಳ್ಳಿರಿ. ಆ ಮನೆಯಲ್ಲಿ ಮೇಣದಬತ್ತಿಯ ರೂಢಿಯನ್ನು ನೆನಪಿಟ್ಟುಕೊಂಡಿದ್ದ ತಾಯಿ ಒಬ್ಬರೇ ಇದ್ದರು. ನಾವು ಹತ್ತು ವರ್ಷ ತಡವಾಗಿ ಹೋಗಿದ್ದರೆ ದಫ್ತರ ಉಳಿದಿದ್ದರೂ ಅದರ ಅರ್ಥ ಉಳಿಯುತ್ತಿರಲಿಲ್ಲ. ಹಳೆಯ ಜಪದ ಪುಸ್ತಕದ ಹಾಳೆ, ಮರಣದ ಸ್ಮರಣ ಚೀಟಿ, ಸಮಾಧಿಯ ಕಲ್ಲು, ಹೊಲದ ಪತ್ರ ಇವೆಲ್ಲವೂ ಸಾಕ್ಷಿಗಳೇ. ಎರಡನೆಯದಾಗಿ, ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿರಿ. ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳನ್ನು ಬಿಡಬೇಡಿ. ಅವರು ಸಾಮಾನ್ಯವಾಗಿ ಹತ್ತಿರದ ನೆಂಟರು. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಅವರೇ ನೆರವಾಗುತ್ತಾರೆ. ಮೂರನೆಯದಾಗಿ, ದೊರೆತದ್ದನ್ನೆಲ್ಲ ಎಲ್ಲರ ಕಣ್ಣಿಗೆ ಬೀಳುವಂತೆ ಅಂತರ್ಜಾಲದಲ್ಲಿ ಹಾಕಿಬಿಡಬೇಡಿ. ಬದುಕಿರುವವರ ಮಾನ ದೊಡ್ಡದು.

ಇನ್ನು ದಫ್ತರಗಳ ರಕ್ಷಣೆಯ ವಿಷಯ. ಹಳೆಯ ಕಬ್ಬಿಣದ ಶಾಯಿ ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುತ್ತದೆ. ಗೆದ್ದಲು, ತೇವ, ಅಂಟುಪಟ್ಟಿ ಇವು ಅದರ ಮಿಕ್ಕ ಶತ್ರುಗಳು. ಹರಿದ ಹಾಳೆಗೆ ಹೊಳೆಯುವ ಅಂಟುಪಟ್ಟಿ ಹಚ್ಚುವುದು ಉಪಕಾರವಲ್ಲ. ಕೆಲವು ವರ್ಷಗಳಲ್ಲಿ ಅದು ಹಳದಿಯಾಗಿ ಅಕ್ಷರಗಳನ್ನೂ ಎತ್ತಿಕೊಂಡು ಹೋಗುತ್ತದೆ. ಶತಮಾನೋತ್ಸವದ ಕಾಣಿಕೆಯಲ್ಲಿ ಒಂದು ಭಾಗವನ್ನು ಹಳೆಯ ಪುಸ್ತಕಗಳ ಪ್ರತಿ ಪುಟದ ಛಾಯಾಚಿತ್ರ ತೆಗೆಸುವುದಕ್ಕೂ, ನುರಿತವರಿಂದ ರಟ್ಟು ಕಟ್ಟಿಸುವುದಕ್ಕೂ ಮೀಸಲಿಡಬೇಕೆಂದು ನಾವು ಪಾಲನಾ ಸಮಿತಿಯನ್ನು ಕೇಳಿಕೊಂಡಿದ್ದೇವೆ. ಹೊಸ ಧ್ವನಿವರ್ಧಕ ಇನ್ನೊಂದು ವರ್ಷ ಕಾಯಬಹುದು. ಹಾಳೆಗಳು ಕಾಯಲಾರವು.

ಕೊನೆಯದಾಗಿ, ನಮ್ಮ ಯುವಜನರಿಗೆ ಒಂದು ಮಾತು. ನಾಡು ಬಿಡುವುದು ಹಳೆಯ ಕಾಲಕ್ಕೆ ಮುಗಿದ ಕಥೆಯಲ್ಲ. ಈ ಧರ್ಮಕೇಂದ್ರದಲ್ಲಿ ಕೊಲ್ಲಿ ರಾಷ್ಟ್ರಗಳಿಗೋ ಆಸ್ಟ್ರೇಲಿಯಕ್ಕೋ ಕೆನಡಕ್ಕೋ ಮಕ್ಕಳನ್ನು ಕಳುಹಿಸದ ಬೀದಿಯೇ ಇಲ್ಲ. ಹೋಗಿರಿ, ದುಡಿಯಿರಿ, ದೇವರು ನಿಮ್ಮನ್ನು ಹರಸಲಿ. ಆದರೆ ಅಲ್ಲಿ ನಿಮ್ಮ ವಿವಾಹವಾದಾಗ, ಅದರ ಸೂಚನೆ ಇಲ್ಲಿಗೆ ಬಂದಿತೇ ಎಂದು ಅಲ್ಲಿಯ ಗುರುಗಳನ್ನು ಕೇಳಿರಿ. ನಿಮ್ಮ ಜ್ಞಾನಸ್ನಾನದ ಸಾಲಿನ ಪಕ್ಕದಲ್ಲಿ ಅದಕ್ಕಾಗಿಯೇ ಖಾಲಿ ಅಂಚೊಂದು ಕಾದಿದೆ. ಇಂದು ಫೋನಿನಲ್ಲಿ ದಿನವೂ ಮುಖ ನೋಡುತ್ತೇವಲ್ಲಾ ಎನ್ನುವಿರಿ. ಆ ಮುಖ ಫೋನಿನೊಡನೆ ಹೋಗುತ್ತದೆ. ನೂರು ವರ್ಷದ ಮೇಲೆ ನಿಮ್ಮ ಮೊಮ್ಮಕ್ಕಳ ಮಕ್ಕಳು ಯಾವುದೋ ದೇಶದಿಂದ ನಮ್ಮ ಹಳ್ಳಿಯ ಹೆಸರನ್ನು ತಪ್ಪಾಗಿ ಉಚ್ಚರಿಸುತ್ತಾ ಈ ಬಾಗಿಲಿಗೆ ಬಂದರೆ, ಅಂದು ಇಲ್ಲಿರುವ ಗುರು ತೆರೆದು ತೋರಿಸುವುದು ಈ ಪುಸ್ತಕವನ್ನೇ.

ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆಂದು ನಮ್ಮ ವಿಶ್ವಾಸ. ಆ ಹೆಸರುಗಳನ್ನು ಅಳಿಯದಂತೆ ಕಾಯುವ ಸಣ್ಣ ಕೆಲಸವನ್ನು ಆತನು ನಮಗೆ ಬಿಟ್ಟಿದ್ದಾನೆ. ಈ ನೂರು ವರ್ಷಗಳಲ್ಲಿ ಈ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದವರೆಲ್ಲರಿಗೂ, ಹತ್ತಿರದಲ್ಲಿ ಮಣ್ಣಾದವರಿಗೂ ದೂರದಲ್ಲಿ ಮಣ್ಣಾದವರಿಗೂ, ದೇವರು ನಿತ್ಯ ವಿಶ್ರಾಂತಿಯನ್ನು ಕರುಣಿಸಲಿ. ನಿಮ್ಮೆಲ್ಲರನ್ನೂ, ನಿಮ್ಮ ಮನೆಯಿಂದ ಹೊರಟು ಕಡಲಾಚೆಯಲ್ಲಿರುವವರನ್ನೂ ಆತನು ಆಶೀರ್ವದಿಸಲಿ.